ಮುಂದೆ ಕೊಡಿ

ಹೆಲ್ವಾನ್, ಕೈರೋ
4 ಅಕ್ಟೋಬರ್ 1999

ಸನಿಯ್ಯಾಳ ಅಪ್ಪನಿಗೆ,

ನಬವಿಯ್ಯಾಳ ಸಲಾಮುಗಳು. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನಾನು ಕಳೆದುಹೋಗಿಲ್ಲ. ನೀವು ದೋಣಿಯಲ್ಲಿ ಯಾರ ಯಾರ ಹತ್ತಿರ ಏನೇನು ಪಂದ್ಯ ಕಟ್ಟಿದ್ದೀರೋ, ಸೋತಿದ್ದೀರಿ.

ಹೊರಡುವ ದಿನ ನೀವು ಚುಕ್ಕಾಣಿ ಹಿಡಿದು ನಿಂತು, ಎಲ್ಲರೂ ಕೇಳುವ ಹಾಗೆ ಆಣೆ ಹಾಕಿದಿರಿ. ಅಳಿಯನ ಹೆಸರೂ ಎತ್ತದೆ, ಆ ಮನುಷ್ಯನ ಮನೆಯಲ್ಲಿ ಒಂದು ರಾತ್ರಿ ಮಲಗಿದರೂ ನಿನಗೆ ತಲಾಕ್ ಎಂದಿರಿ. ಇಪ್ಪತ್ತೊಂಬತ್ತು ವರ್ಷದ ಸಂಸಾರವನ್ನು ಒಂದು ರಾತ್ರಿಯ ಚಾಪೆಗೆ ಎದುರಿಟ್ಟು ತೂಗಿದಿರಿ. ಇರಲಿ. ಮಲಗಬಾರದು ಎಂದಿರಿ, ಹೋಗಬಾರದು ಎನ್ನಲಿಲ್ಲ. ಅದಕ್ಕೆ ನನ್ನ ತಮ್ಮ ಖಲಫನ ಮನೆಯಲ್ಲಿ ಇಳಿದಿದ್ದೇನೆ. ಬೆಳಿಗ್ಗೆ ಸನಿಯ್ಯಾಳ ಹತ್ತಿರ ಹೋಗುತ್ತೇನೆ, ಸಂಜೆ ಇಲ್ಲಿಗೆ ಬಂದು ಮಲಗುತ್ತೇನೆ. ತೊಂದರೆ ಒಂದೇ. ಖಲಫನ ಮನೆ ಊರಿನ ಈ ತುದಿ, ನಿಮ್ಮ ಮಗಳ ಮನೆ ಆ ತುದಿ. ನಡುವೆ ಇಡೀ ಕೈರೋ ಇದೆ. ಮೊದಲು ಮೆಟ್ರೋ ಹತ್ತಿ ಈ ಕೊನೆಯ ಸ್ಟೇಷನ್ನಿನಿಂದ ಆ ಕೊನೆಯ ಸ್ಟೇಷನ್ನಾದ ಮರ್ಗಿಗೆ ಹೋಗಬೇಕು. ಆಮೇಲೆ ಮೈಕ್ರೋಬಸ್ಸಿನಲ್ಲಿ ಖುಸೂಸ್.

ಮೊದಲ ದಿನ ಖಲಫ್ ಜೊತೆಗೆ ಬಂದ. ಎರಡನೆಯ ದಿನ ನಾನೊಬ್ಬಳೇ ಹೊರಟೆ. ಮೆಟ್ರೋದಲ್ಲಿ ಕಷ್ಟವೇನೂ ಆಗಲಿಲ್ಲ. ಊರಿನ ಶಾಲೆಯ ಹಿಂದಿನ ಕೋಣೆಯಲ್ಲಿ ನಾನು ಹೆಂಗಸರ ಜೊತೆ ಅಕ್ಷರ ಕಲಿಯುವಾಗ ನೀವು ನಗುತ್ತಿದ್ದಿರಲ್ಲ, ಆ ಅಕ್ಷರಗಳೆಲ್ಲ ಇಲ್ಲಿ ಗೋಡೆಯ ಮೇಲೆ ಬಂದು ನಿಂತಿವೆ. ಒಂದೊಂದೇ ಸ್ಟೇಷನ್ ಓದುತ್ತ ಹೋದೆ. ಮರ್ಗಿನಲ್ಲಿ ಇಳಿದ ಮೇಲೆ ಎಡವಿದೆ. ರಸ್ತೆಯ ಆ ಕಡೆ ಮೈಕ್ರೋಬಸ್ಸು ಬರುತ್ತಿತ್ತು. ನಾನು ಎರಡೂ ಕೈ ಮೇಲೆತ್ತಿ, ತಲೆವಸ್ತ್ರದ ತುದಿ ಬೀಸಿ, "ಓ ರಯ್ಯಿಸ್" ಎಂದು ಕೂಗಿದೆ. ನಮ್ಮ ದಡದಲ್ಲಿ ನಿಂತು, ದೋಣಿ ನಡೆಸುವ ಯಜಮಾನ ಎಂದು ನಿಮ್ಮನ್ನು ಕರೆಯುವ ಹಾಗೆಯೇ. ಗಾಡಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಏನಮ್ಮಾ, ನನ್ನ ಗಾಡಿಗೆ ಹಾಯಿ ಕಾಣಿಸ್ತಾ ಇದೆಯಾ?"

"ಸುಮ್ನಿರೋ," ಎಂದಳು ಒಳಗಿದ್ದ ಒಬ್ಬ ಹೆಂಗಸು. "ದಕ್ಷಿಣದ ಕಡೆಯೋರು. ಅಲ್ಲಿ ದೋಣಿ ಕರೆಯೋದೇ ಹಂಗೆ."

"ಹತ್ತಮ್ಮ. ಎಲ್ಲಿಗೆ?"

"ಖುಸೂಸಿಗೆ ಕಣಪ್ಪ."

"ಹಂಗಾದ್ರೆ ಇನ್ಮೇಲೆ ಬೆರಳು ಹಿಂಗೆ ಎರಡು ಸಲ ಪಕ್ಕಕ್ಕೆ ಮಡಚು. ಕೂಗ್ಬೇಡ. ಈ ಊರಲ್ಲಿ ಎಲ್ಲರೂ ಕೂಗ್ತಾನೇ ಇರ್ತಾರೆ, ಯಾರಿಗೂ ಕೇಳ್ಸಲ್ಲ. ಕೈ ಆದ್ರೆ ಕಾಣ್ಸತ್ತೆ."

ಒಂದೊಂದು ಕಡೆಗೆ ಒಂದೊಂದು ಕೈಸನ್ನೆ ಇದೆಯಂತೆ. ನನಗೆ ಬೇಕಾದದ್ದು ಒಂದೇ, ಅದನ್ನು ಕಲಿತೆ.

ಸನಿಯ್ಯಾಳಿಗೆ ಈಗ ಎಂಟನೆಯ ತಿಂಗಳು ಶುರು. ಕಾಲು ಊದಿದೆ. ಅವಳ ಗಂಡ ರಿಫ್‌ಅತ್ ಬೆಳಿಗ್ಗೆ ಫ್ರಿಜ್ ರಿಪೇರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲೆಲ್ಲ ಒಬ್ಬಳೇ. ಒಂದು ವಿಷಯ ನಿಮಗೆ ಹೇಳಬೇಡ ಎಂದಿದ್ದಳು, ಹೇಳುತ್ತೇನೆ. ಹೋದ ವರ್ಷವೂ ಬಸುರಿಯಾಗಿದ್ದಳು. ಆರನೆಯ ತಿಂಗಳಲ್ಲಿ ಹೋಯಿತು. ಆಗಲೂ ಒಬ್ಬಳೇ ಇದ್ದಳು. ಈ ಸಲ ಅವಳು ಒಬ್ಬಳೇ ಇರಬಾರದು. ನಾನು ಬಂದಿರುವುದು ಅದಕ್ಕೆ.

ನಿಮ್ಮ
ನಬವಿಯ್ಯಾ


ಅಲ್-ಅರಾಕ್, ಪಶ್ಚಿಮ ದಡ
14 ಅಕ್ಟೋಬರ್ 1999

ನಬವಿಯ್ಯಾಗೆ,

ಕಾಗದ ಬಂತು. ಎಮ್ಮೆ ಚೆನ್ನಾಗಿದೆ. ನದಿ ಇಳಿದಿದೆ, ಆಚೆ ದಡದಲ್ಲಿ ಕೆಸರು, ಹಲಗೆ ಹಾಕಿದ್ದೇನೆ.

ದೋಣಿಯಲ್ಲಿ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಮುದುಕಿ ಫಹೀಮಾ ದಿನಾ ಅದೇ ಹಾಡು. "ರಯ್ಯಿಸ್ ದಾಹಿ, ನಿನ್ನ ಹೆಂಡ್ತಿ ಕೈರೋದ ಈ ತುದಿಯಿಂದ ಆ ತುದಿಗೆ ಹೋಗ್ತಾಳಂತೆ. ನೀನು ಮೂವತ್ತು ವರ್ಷದಿಂದ ಈ ದಡ, ಆ ದಡ. ಈಗ ನಿಮ್ಮ ಮನೇಲಿ ಜಾಸ್ತಿ ಊರು ನೋಡಿದೋರು ಯಾರು?" ಎಲ್ಲರೂ ನಗುತ್ತಾರೆ. ನಗಲಿ.

ನಾನು ಆಣೆ ಹಾಕಿದ್ದು ಸುಮ್ಮನೆ ಅಲ್ಲ, ನಿನಗೂ ಗೊತ್ತು. ನಾನು ಈ ಊರಿನವರಿಂದ ಕಾಸು ಮುಟ್ಟುವುದಿಲ್ಲ. ಸುಗ್ಗಿಯಲ್ಲಿ ಮನೆಗೆ ಇಷ್ಟು ಎಂದು ಗೋಧಿ ಕೊಡುತ್ತಾರೆ. ನೆಂಟರಿಂದ ಅದನ್ನೂ ಮುಟ್ಟುವುದಿಲ್ಲ. ಕಾಸು ಕೊಡುವವರು ಹೊರಗಿನವರು, ಹೆಸರಿಲ್ಲದವರು. ಎರಡು ವರ್ಷದ ಹಿಂದೆ ಆ ಮನುಷ್ಯ ಬಂದದ್ದು ನನ್ನ ಮಗಳನ್ನು ಮದುವೆಗೆ ಕೇಳಲು. ದೋಣಿಯ ಆ ತುದಿಯಲ್ಲಿ ಕುಳಿತು ಅರ್ಧ ಪೌಂಡಿನ ನೋಟು ಕಳಿಸಿದ. ಅದು ಹದಿನಾರು ಜನರ ಕೈ ದಾಟಿ ನನ್ನ ಚುಕ್ಕಾಣಿಗೆ ಬಂತು. ಹದಿನಾರು ಜನ ನೋಡಿದರು. ಅದರ ಮೇಲೆ ಒಂದು ಮಾತು ಬೇರೆ: "ಚಿಲ್ಲರೆ ನೀವೇ ಇಟ್ಕೊಳ್ಳಿ." ಆ ನೋಟನ್ನು ನದಿಗೆ ಎಸೆದೆ. ಅವತ್ತೇ ಅವನನ್ನೂ ವಾಪಸು ಆ ದಡಕ್ಕೆ ಬಿಟ್ಟೆ. ಆಮೇಲೆ ನಾನಿಲ್ಲದೆ ಮದುವೆ ಆಯಿತು. ಆಗಲಿ.

ಆರನೆಯ ತಿಂಗಳಿನ ವಿಷಯ ಓದಿದೆ.

ಊರು ದೊಡ್ಡದು, ನಿನಗೆ ವಯಸ್ಸಾಗಿದೆ. ನೋಡಿಕೊಂಡು ಬೇಗ ಬಾ.

ರಯ್ಯಿಸ್ ದಾಹಿ


ಹೆಲ್ವಾನ್
27 ಅಕ್ಟೋಬರ್ 1999

ಸನಿಯ್ಯಾಳ ಅಪ್ಪನಿಗೆ,

ವಯಸ್ಸಾಗಿದೆ ಎಂದು ಬರೆದಿರಿ. ನಿನ್ನೆ ಒಬ್ಬ ಸೂಟು ಹಾಕಿದ ಮನುಷ್ಯ ಮೆಟ್ರೋದಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಅವನಿಗೆ ರೈಲು ಎಲ್ಲಿ ಬದಲಾಯಿಸಬೇಕು ಎಂದು ನಾನು ಹೇಳಿಕೊಟ್ಟೆ. ಆಮೇಲೆ ಅವನು ನನ್ನ ಬಟ್ಟೆ ನೋಡಿ, "ನೀವು ಎಲ್ಲಿಯೋರಮ್ಮ?" ಎಂದ. "ಹೆಲ್ವಾನಿನವಳು," ಎಂದೆ. ದೇವರು ಕ್ಷಮಿಸಲಿ.

ಹೆಂಗಸರ ಡಬ್ಬಿಯಲ್ಲಿ ನನಗೆ ಈಗ ಜಾಗ ಇದೆ. ಬಾಗಿಲಿನ ಪಕ್ಕದ ಎರಡನೆಯ ಸೀಟು. ಸಂಜೆ ಬರುವಾಗ ಆಫೀಸು ಮುಗಿಸಿದ ಹೆಂಗಸರು ಮಡಿಲಲ್ಲಿ ಚೀಲ ಇಟ್ಟುಕೊಂಡು ರಾತ್ರಿಯ ಅಡುಗೆಗೆ ಎಳೆ ಸೋರೆಯಂಥ ಕೂಸಾ ಕಾಯಿಯ ತಿರುಳು ತೆಗೆಯುತ್ತಾರೆ, ಮನೆಗೆ ಹೋದ ಕೂಡಲೇ ಅಕ್ಕಿ ತುಂಬಲು. ನಾನು ಸುಮ್ಮನೆ ಕುಳಿತಿರಲಾರೆ. ಎನಾಯಾತ್ ಎಂಬಾಕೆಯ ಕೈಯಿಂದ ಚಾಕು ಕಿತ್ತುಕೊಂಡು ಹತ್ತು ಸ್ಟೇಷನ್ನಿನಲ್ಲಿ ಎರಡು ಕಿಲೋ ಮುಗಿಸಿಕೊಟ್ಟೆ. ಅವಳು ಅಂಚೆ ಕಚೇರಿಯಲ್ಲಿ ಗುಮಾಸ್ತೆ.

"ಅಮ್ಮಾ, ನೀವು ನಾಳೇನೂ ಇದೇ ರೈಲಿಗೆ ಬರ್ತೀರಾ?" ಎಂದಳು.

"ಯಾಕೆ?"

"ನಾಳೆ ಬದನೆಕಾಯಿ ತರ್ತೀನಿ."

ಈಗ ಅವರಿಗೆಲ್ಲ ಸನಿಯ್ಯಾ ಗೊತ್ತು. ಎಷ್ಟನೆಯ ವಾರ, ಕಾಲು ಊತ ಇಳಿಯಿತೇ, ಎಲ್ಲ ಕೇಳುತ್ತಾರೆ. ನಿಮ್ಮ ಆಣೆಯೂ ಗೊತ್ತು. ಅವರು ನಿಮ್ಮನ್ನು ಏನೆಂದು ಕರೆಯುತ್ತಾರೆ ಎಂದು ಬರೆಯುವುದಿಲ್ಲ.

ಈಗ ಬೇರೆ ಮಾತು. ನಿಧಾನವಾಗಿ ಓದಿ.

ಇಲ್ಲಿನ ಮೈಕ್ರೋಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಹಿಂದೆ ಕುಳಿತವರು ಕಾಲು ಪೌಂಡು ತೆಗೆದು ಮುಂದಿನವರ ಭುಜ ತಟ್ಟಿ "ಮುಂದೆ ಕೊಡಿ" ಎನ್ನುತ್ತಾರೆ. ಅದು ಕೈಯಿಂದ ಕೈಗೆ ಡ್ರೈವರಿನವರೆಗೆ ಹೋಗುತ್ತದೆ. ಚಿಲ್ಲರೆ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಹೋದ ಭಾನುವಾರ ಒಬ್ಬ ಮುದುಕ ಹತ್ತಿ ನನ್ನ ಹಿಂದೆ ಕುಳಿತ. ನೋಟು ತೆಗೆದು "ಮುಂದೆ ಕೊಡಮ್ಮ" ಎಂದ. ಕೊಟ್ಟೆ. ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಅಪ್ಪಾ, ಏನಿದು? ನಿನ್ನ ಹತ್ರ ತಗೋತೀನಾ? ಇರ್ಲಿ ಬಿಡು."

ನೋಟು ನನ್ನ ಕೈಗೆ ವಾಪಸು ಬಂತು. ಮುದುಕ ತೆಗೆದುಕೊಳ್ಳಲಿಲ್ಲ.

"ನೀನು ಬಿಡು ಅಂತೀಯ ಅಂತ ನಾನು ಕೊಡದೇ ಇರೋಕಾಗತ್ತಾ? ಮಗನ ಗಾಡಿ ಅಂತ ಪುಕ್ಕಟೆ ಹತ್ತಿದ ಅಂತಾರೆ ಜನ. ಮುಂದೆ ಕೊಡಮ್ಮ."

"ಹಿಂದೆ ಕೊಡಮ್ಮ," ಎಂದ ಮಗ.

"ನಾಲ್ಕು ಸಲ ಆಯ್ತು," ಎಂದ ಪಕ್ಕದವನು. "ಇವರ ಮರ್ಯಾದೇಲಿ ಆ ನೋಟು ಹರಿದೋಗತ್ತೆ."

ನಾನು ಆ ನೋಟು ಹಿಡಿದು ಕುಳಿತಿದ್ದೆ. ನನ್ನ ಕಣ್ಣ ಮುಂದೆ ನಮ್ಮ ದೋಣಿ ಬಂತು. ಹದಿನಾರು ಕೈ ಬಂದವು. ಅವತ್ತು ಸಂಜೆ ರಿಫ್‌ಅತ್ ಬರುವವರೆಗೆ ಕಾದು, ಅವತ್ತು ದೋಣಿಯಲ್ಲಿ ಯಾಕೆ ಕಾಸು ಕಳಿಸಿದೆ ಎಂದು ಕೇಳಿಯೇಬಿಟ್ಟೆ. ಆ ದಪ್ಪ ಮನುಷ್ಯ ಕುರ್ಚಿಯ ಅಂಚಿಗೆ ಬಂದು ಕುಳಿತ.

"ಅತ್ತೆ, ಮಾವ 'ಇರ್ಲಿ ಬಿಡಪ್ಪ' ಅಂತಾರೆ ಅಂದ್ಕೊಂಡಿದ್ದೆ. ನಾನು ಇನ್ನೊಂದು ಸಲ ಕೊಡ್ಬೇಕು, ಅವರು ಇನ್ನೊಂದು ಸಲ ಬೇಡ ಅನ್ಬೇಕು. ಕೊಡದೇ ಕೂತ್ರೆ, ಮಗಳನ್ನ ಕೇಳೋಕೆ ಬಂದೋನು ದೋಣೀನೂ ಪುಕ್ಕಟೆ ಹತ್ತಿದ ಅಂದ್ಕೋತಾರೆ ಅಂತ ಭಯ."

"ಅದು ಸರಿ. ಚಿಲ್ಲರೆ ನೀವೇ ಇಟ್ಕೊಳ್ಳಿ ಅಂದಿದ್ದು?"

"ಅದು ನನ್ನ ಹಾಳು ಬಾಯಿ. ದೋಣಿ ಅಲ್ಲಾಡ್ತಾ ಇತ್ತು, ನಂಗೆ ಈಜು ಬರಲ್ಲ. ದಿನಾ ಹೇಳೋ ಮಾತು, ಹೆದ್ರಿಕೇಲಿ ಬಂದ್ಬಿಡ್ತು."

ಸನಿಯ್ಯಾಳ ಅಪ್ಪ, ಅವನು ನಿಮ್ಮನ್ನು ಕೂಲಿಯವನೆಂದು ನೋಡಲಿಲ್ಲ. ತಂದೆಯ ಹಾಗೆ ನೋಡಿದ. ಆ ಮಾತೊಂದು ತಪ್ಪು, ಅದನ್ನು ಅವನೂ ಒಪ್ಪುತ್ತಾನೆ. ನೀವು ಎರಡು ವರ್ಷದಿಂದ ಹೊತ್ತು ತಿರುಗುತ್ತಿರುವ ಸಿಟ್ಟನ್ನು ಇಳಿಸಿ ಎಂದು ನಾನು ಹೇಳುವುದಿಲ್ಲ. ಅದರೊಳಗೆ ಏನಿದೆ ಎಂದು ಒಮ್ಮೆ ಬಿಚ್ಚಿ ನೋಡಿ.

ನಬವಿಯ್ಯಾ


ಅಲ್-ಅರಾಕ್
6 ನವೆಂಬರ್ 1999

ನಬವಿಯ್ಯಾಗೆ,

ಕಾಗದ ಬಂತು. ನಿಧಾನವಾಗಿ ಓದು ಎಂದೆ, ಓದಿದೆ.

ಕೈರೋಗೆ ಹೋಗುವವರ ಕೈಯಲ್ಲಿ ಎರಡು ಡಬ್ಬಿ ತುಪ್ಪ, ಮೆಂತ್ಯ, ಬಿಸಿಲಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿ ಕಳಿಸಿದ್ದೇನೆ. ನಿನಗೆ. ನೀನು ಅಷ್ಟು ತುಪ್ಪ ತಿನ್ನುವವಳಲ್ಲ ಎಂದು ನನಗೆ ಗೊತ್ತು.

ಆ ರೈಲಿನಲ್ಲಿ ಬಸುರಿಯರಿಗೆ ಜಾಗ ಬಿಡುತ್ತಾರೋ ಇಲ್ಲವೋ? ಸುಮ್ಮನೆ ಕೇಳಿದೆ.

ರಯ್ಯಿಸ್ ದಾಹಿ


ಹೆಲ್ವಾನ್
16 ನವೆಂಬರ್ 1999

ಸನಿಯ್ಯಾಳ ಅಪ್ಪನಿಗೆ,

ಬಿಡುತ್ತಾರೆ. ಜಾಗ ಬಿಡುತ್ತಾರೆ. ನಿನ್ನೆ ಕಣ್ಣಾರೆ ನೋಡಿದೆ.

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಈಗ ಕುಳಿತು ಮಿಕ್ಕದ್ದನ್ನು ಓದಿ.

ಬೆಳಿಗ್ಗೆ ಒಂಬತ್ತಕ್ಕೆ ನಾನು ಬಾಗಿಲು ತಟ್ಟಿದಾಗ ಅವಳು ಗೋಡೆ ಹಿಡಿದು ನಿಂತಿದ್ದಳು. ನೋವು ಶುರುವಾಗಿ ಎರಡು ಗಂಟೆ ಆಗಿತ್ತು. ರಿಫ್‌ಅತ್ ಪಕ್ಕದ ಬೀದಿಯಲ್ಲೇ ಕೆಲಸದಲ್ಲಿದ್ದ, ಕರೆಸಿದ ಕೂಡಲೇ ಓಡಿಹೋಗಿ ಟ್ಯಾಕ್ಸಿ ತಂದ. ಮರ್ಗ್ ದಾಟುವುದರೊಳಗೆ ಟ್ಯಾಕ್ಸಿ ನಿಂತಿತು. ಮುಂದೆ ಒಂದು ಲಾರಿ ಅಡ್ಡ ಬಿದ್ದು, ಕಣ್ಣು ಹಾಯಿಸಿದಷ್ಟು ದೂರ ಗಾಡಿಗಳು. ಡ್ರೈವರ್ ಇಂಜಿನ್ ಆರಿಸಿ ಸಿಗರೇಟು ಹಚ್ಚಿದ. ರಿಫ್‌ಅತ್ ಹೊರಗಿಳಿದು ಮುಂದಿನ ಗಾಡಿಯವರನ್ನೆಲ್ಲ ಬೇಡಿಕೊಳ್ಳುತ್ತಿದ್ದ.

ಸನಿಯ್ಯಾ ನನ್ನ ಕೈ ಹಿಡಿದು, "ಅಮ್ಮಾ, ಹೋದ ಸಲದ ಹಾಗೇ ಆಗತ್ತಾ?" ಎಂದಳು.

ನಾನು ಕಿಟಕಿಯಿಂದ ನೋಡಿದೆ. ನೂರು ಹೆಜ್ಜೆಯಲ್ಲಿ ಸ್ಟೇಷನ್. ಅವಳ ಆಸ್ಪತ್ರೆ ಇರುವುದು ಇದೇ ದಾರಿಯ ಇನ್ನೊಂದು ಸ್ಟೇಷನ್ನಿನ ಎದುರಿಗೆ. ನಾನು ನಲವತ್ತು ದಿನ ಅದರ ಮುಂದೆಯೇ ಹೋಗಿ ಬಂದಿದ್ದೇನೆ. "ಇಳಿ," ಎಂದೆ.

"ಅತ್ತೆ, ಈ ಸ್ಥಿತೀಲಿ ಮೆಟ್ರೋನಾ?" ಎಂದ ರಿಫ್‌ಅತ್.

"ಟಿಕೆಟ್ ತಗೋ. ಮೂರು. ನೀನು ಗಂಡಸರ ಡಬ್ಬಿಗೆ ಹತ್ತು, ಒಂಬತ್ತನೇ ಸ್ಟೇಷನ್ನಿಗೆ ಇಳಿ. ನಾನು ಕರ್ಕೊಂಡು ಬರ್ತೀನಿ."

ಹೆಂಗಸರ ಡಬ್ಬಿ ತುಂಬಿತ್ತು, ಉಸಿರಾಡಲು ಜಾಗವಿರಲಿಲ್ಲ. ಒಬ್ಬಳು ನೋಡಿದಳು, ಇನ್ನೊಬ್ಬಳಿಗೆ ಹೇಳಿದಳು. ನಿಮ್ಮ ದೋಣಿಯಲ್ಲಿ ಎಮ್ಮೆ ಹತ್ತಿಸುವಾಗ ಜನ ಸರಿಯುತ್ತಾರಲ್ಲ, ಹಾಗೆ ಸರಿದರು. ಒಂದು ಇಡೀ ಬೆಂಚು ಖಾಲಿ. ಪಿನ್ನು ಮಾರುವವಳು ಬುಟ್ಟಿ ಕೆಳಗಿಟ್ಟು ಸನಿಯ್ಯಾಳ ಕಾಲು ಒತ್ತಿದಳು. ಕಚೇರಿಯ ಕೆಲಸಕ್ಕೆ ಮರ್ಗಿಗೆ ಬಂದು ವಾಪಸು ಹೊರಟಿದ್ದ ಎನಾಯಾತ್ ಆ ಡಬ್ಬಿಯಲ್ಲೇ ಇದ್ದಳು.

"ಇವಳೇನಾ ಸನಿಯ್ಯಾ? ನಿಮ್ಮಮ್ಮ ನಿನ್ನ ಕಾಲಿನ ಊತಾನೂ ಬಿಡದೇ ನಮಗೆ ಹೇಳಿದಾರೆ."

ಸನಿಯ್ಯಾ ನೋವಿನಲ್ಲೂ ನಕ್ಕಳು. ಒಂಬತ್ತನೆಯ ಸ್ಟೇಷನ್ನಿನಲ್ಲಿ ನಾಲ್ವರು ನಮ್ಮ ಜೊತೆ ಇಳಿದರು. ಕೆಲಸಕ್ಕೆ ತಡವಾದರೂ ಆಸ್ಪತ್ರೆಯ ಬಾಗಿಲಿನವರೆಗೆ ಬಂದರು. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಎಂದು ಡಾಕ್ಟರಮ್ಮ ಶುರು ಮಾಡಿದಳು. ಅಷ್ಟರಲ್ಲಿ ನಾನು ಮಗುವನ್ನು ಕೈಗೆ ತೆಗೆದುಕೊಂಡಿದ್ದೆ.

ಒಂದು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದೆ. ಅದು ಅವನ ಮನೆಯಲ್ಲ, ನಿಮ್ಮ ಆಣೆಗೆ ಏನೂ ಆಗಿಲ್ಲ. ಇವತ್ತು ಅವಳನ್ನು ಮನೆಗೆ ಬಿಟ್ಟು ಸಂಜೆ ಹೆಲ್ವಾನಿಗೆ ಬಂದೆ. ನಾನು ಹೊರಟಾಗ ಬಾಣಂತಿ ಬಾಗಿಲಿನವರೆಗೆ ಬಂದು ನಿಂತಿದ್ದಳು. ಈ ಊರಿನಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಲ್ಲೆ, ಸನಿಯ್ಯಾಳ ಅಪ್ಪ. ಇವತ್ತು ಆ ಬಾಗಿಲಿನಿಂದ ಬೀದಿಗೆ ಇಳಿಯುವುದು ಕಷ್ಟವಾಯಿತು.

ನಬವಿಯ್ಯಾ


ಅಲ್-ಅರಾಕ್
21 ನವೆಂಬರ್ 1999

ನಬವಿಯ್ಯಾಗೆ,

ಮಸೀದಿಯ ಶೇಖ್ ಹತ್ತಿರ ಹೋದೆ. ಸಿಟ್ಟಿನಲ್ಲಿ ಹಾಕಿದ ಆಣೆಗೆ ಪರಿಹಾರ ಇದೆಯೇ ಎಂದೆ. "ಎರಡು ತಿಂಗಳಿಂದ ನೀನು ಕೇಳ್ತೀಯ ಅಂತ ಕಾಯ್ತಾ ಇದ್ದೆ," ಎಂದರು. "ಹತ್ತು ಜನ ಬಡವರಿಗೆ ಊಟ ಹಾಕು." ದೋಣಿಯಲ್ಲೇ ಹಾಕಿದೆ, ನದಿಯ ನಡುವೆ ಲಂಗರು ಬಿಟ್ಟು. ಹನ್ನೊಂದನೆಯವಳಾಗಿ ಫಹೀಮಾ ಕರೆಯದೆ ಬಂದು ಕುಳಿತಳು, ಎರಡು ಸಲ ಬಡಿಸಿಕೊಂಡಳು.

ಅಲ್ಲೇ ಮಲಗು.

ನಾನು ಬಂದರೆ ಎಲ್ಲಿ ಇಳಿಯಬೇಕು, ಏನು ಹತ್ತಬೇಕು, ಬರೆ. ಸ್ಟೇಷನ್ನಿಗೆ ಯಾರೂ ಬರಬಾರದು. ಯಾರೂ ಎಂದರೆ ಯಾರೂ.

ದಾಹಿ


ಖುಸೂಸ್
26 ನವೆಂಬರ್ 1999

ಸನಿಯ್ಯಾಳ ಅಪ್ಪನಿಗೆ,

ಮೇಲಿನ ವಿಳಾಸ ನೋಡಿ. ಚೆನ್ನಾಗಿ ನಿದ್ದೆ ಬರುತ್ತದೆ.

ಈಗ ದಾರಿ ಹೇಳುತ್ತೇನೆ. ನಿಮ್ಮ ರೈಲು ಮೊದಲು ಗೀಜಾದಲ್ಲಿ ನಿಲ್ಲುತ್ತದೆ. ಅರ್ಧ ರೈಲು ಅಲ್ಲೇ ಇಳಿಯುತ್ತದೆ, ನೀವು ಏಳಬೇಡಿ. ಕೊನೆಗೆ ರಾಮ್ಸೆಸ್. ಹೊರಗೆ ಟ್ಯಾಕ್ಸಿಯವರು ಗಂಟಿಗೆ ಕೈ ಹಾಕುತ್ತಾರೆ. ಈ ಊರಿನಲ್ಲೇ ಹುಟ್ಟಿದವರ ಹಾಗೆ ಮುಖ ಮಾಡಿಕೊಂಡು ಅವರನ್ನು ದಾಟಿ. ಮೆಟ್ಟಿಲು ಇಳಿದರೆ ಮೆಟ್ರೋ. ಹಳದಿ ಟಿಕೆಟ್ ಕೊಡುತ್ತಾರೆ, ಅದನ್ನು ಬಿಸಾಡಬೇಡಿ, ಹೊರಗೆ ಹೋಗುವಾಗ ಯಂತ್ರ ಮತ್ತೆ ಕೇಳುತ್ತದೆ. ಬೋರ್ಡಿನ ಮೇಲೆ ಮರ್ಗ್ ಎಂದಿರುವ ಕಡೆ ನಿಲ್ಲಿ. ಹೆಲ್ವಾನ್ ಎಂದಿರುವ ಕಡೆ ನಿಂತರೆ ಖಲಫನ ಮನೆಗೆ ಹೋಗುತ್ತೀರಿ, ಅವನ ಹೆಂಡತಿ ಮೂರು ದಿನ ಬಿಡುವುದಿಲ್ಲ. ಹೆಂಗಸರ ಡಬ್ಬಿಗೆ ಹತ್ತಬೇಡಿ. ಬಾಗಿಲ ಮೇಲೆ ಗುರುತು ಇದೆ. ಅಲ್ಲಿನವರಿಗೆ ನೀವು ಯಾರೆಂದು ತಿಳಿದರೆ ಇಳಿಯುವುದು ಕಷ್ಟ.

ಮರ್ಗಿನಲ್ಲಿ ಎರಡೂ ಕೈ ಎತ್ತಬೇಡಿ. ತೋರುಬೆರಳು ಎರಡು ಸಲ ಪಕ್ಕಕ್ಕೆ. ಗಾಡಿ ಪೂರ್ತಿ ನಿಲ್ಲುವುದಿಲ್ಲ, ದೋಣಿ ದಡ ಮುಟ್ಟುವ ಮೊದಲು ನೀವು ಹಾರುತ್ತೀರಲ್ಲ, ಹಾಗೆ ಹತ್ತಿ. ಕಾಲು ಪೌಂಡು. ಹಿಂದೆ ಕುಳಿತರೆ ಏನು ಮಾಡಬೇಕು ಎಂದು ನಿಮಗೆ ಗೊತ್ತಿದೆ.

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಕಾಯೋಣ ಎಂದದ್ದು ಸನಿಯ್ಯಾ ಅಲ್ಲ, ರಿಫ್‌ಅತ್.

ನಬವಿಯ್ಯಾ


ಅಲ್-ಅರಾಕ್
8 ಡಿಸೆಂಬರ್ 1999

ಸನಿಯ್ಯಾಳ ಅಮ್ಮನಿಗೆ,

ಕ್ಷೇಮವಾಗಿ ಬಂದು ಸೇರಿದೆ. ನಾಳೆಯಿಂದ ಉಪವಾಸದ ತಿಂಗಳು, ಸೂರ್ಯ ಮುಳುಗುವ ಮೊದಲು ಎಲ್ಲರನ್ನೂ ದಾಟಿಸಬೇಕು, ಪುರುಸೊತ್ತಿಲ್ಲ. ಬಾಣಂತನದ ನಲವತ್ತು ದಿನ ಮುಗಿಯುವವರೆಗೆ ನೀನು ಅಲ್ಲೇ ಇರು. ಮೊಮ್ಮಗಳ ಹೆಸರು ಕೇಳಿ ಫಹೀಮಾ, "ನೂರಾ ಅನ್ನೋ ಹೆಸರು ಯಾರು ಆರಿಸಿದ್ದು?" ಎಂದಳು. "ನಾನು," ಎಂದೆ. "ಹಂಗಾದ್ರೆ ಚೆನ್ನಾಗಿಲ್ಲ ಅನ್ನೋಕಾಗಲ್ಲ," ಎಂದಳು.

ನಾನು ಅಲ್ಲಿದ್ದಾಗ ನೀನು ಒಂದು ಮಾತು ಕೇಳಿದೆ. ಎರಡು ವರ್ಷ ಮುಖ ನೋಡದ ಮಾವ ಅಳಿಯ ಬಾಗಿಲಲ್ಲಿ ಎದುರಾದ ಕೂಡಲೇ ಹೇಗೆ ಅಷ್ಟು ಸಲೀಸಾಗಿ ಮಾತಾಡಿದಿರಿ ಎಂದೆ. ಆಗ ನಾನು ಚಹಾ ಕೇಳಿ ಮಾತು ತಪ್ಪಿಸಿದೆ. ಈಗ ಹೇಳುತ್ತೇನೆ.

ರಾಮ್ಸೆಸಿನಲ್ಲಿ ಇಳಿದಾಗ ಒಂದು ಕಂಬದ ಹಿಂದೆ ನಿನ್ನ ಅಳಿಯ ನಿಂತಿದ್ದ. ಯಾರೂ ಬರಬಾರದು ಎಂದದ್ದಕ್ಕೆ ಅಡಗಿದ್ದನಂತೆ. ಕಂಬಕ್ಕಿಂತ ಅವನೇ ದಪ್ಪ. ನೋಡಿಯೂ ನೋಡದ ಹಾಗೆ ನಡೆದೆ. ಮೆಟ್ಟಿಲು ಇಳಿದೆ, ಇಳಿದ. ಟಿಕೆಟ್ ತೆಗೆದುಕೊಂಡೆ, ತೆಗೆದುಕೊಂಡ. ಹೆಂಗಸರ ಡಬ್ಬಿಗೆ ಹತ್ತಬೇಡಿ ಎಂದು ನೀನು ನನಗೆ ಬರೆದೆ, ಅವನಿಗೆ ಹೇಳಬೇಕಿತ್ತು. ನನ್ನ ಮೇಲೆ ಕಣ್ಣಿಟ್ಟು ಗಡಿಬಿಡಿಯಲ್ಲಿ ಅದರೊಳಗೇ ನುಗ್ಗಿದ. ಪಕ್ಕದ ಡಬ್ಬಿಯಲ್ಲಿದ್ದ ನನಗೆ ಕೂಗಾಟ ಕೇಳಿಸುತ್ತಿತ್ತು. "ಕಣ್ಣು ಕಾಣ್ಸಲ್ವಾ ನಿಂಗೆ?" "ಅಮ್ಮಾ, ತಪ್ಪಾಯ್ತು, ನನ್ನ ಮಾವ ಪಕ್ಕದ ಡಬ್ಬೀಲಿದಾರೆ." "ಮಾವ ಅಲ್ಲಿದ್ರೆ ನೀನಿಲ್ಲೇನು ಮಾಡ್ತಿದೀಯ?"

ಮುಂದಿನ ಸ್ಟೇಷನ್ನಿನಲ್ಲಿ ಅವನನ್ನು ಇಳಿಸಿದರು. ಪ್ಲಾಟ್‌ಫಾರಂ ಮೇಲೆ ನನ್ನ ಡಬ್ಬಿಯ ಕಡೆ ಓಡಿ ಬರುತ್ತಿದ್ದ. ಬಾಗಿಲು ಮುಚ್ಚಲು ಶುರುವಾಯಿತು. ನಾನು ಕೈಯಲ್ಲಿದ್ದ ಊರುಗೋಲು ಅಡ್ಡ ಇಟ್ಟೆ. ಹತ್ತಿದ. ನಾನು ಕಿಟಕಿಯ ಕಡೆ ತಿರುಗಿದೆ, ಅವನು ನೆಲ ನೋಡಿದ. ಮರ್ಗಿನವರೆಗೆ ಅಷ್ಟೇ.

ಮರ್ಗಿನಲ್ಲಿ ಬೆರಳು ಮಡಚಿದೆ, ಗಾಡಿ ಬಂತು. ಹಾರಿ ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತೆ. ಅವನು ನನ್ನ ಮುಂದಿನ ಸೀಟಿನಲ್ಲಿ ಕುಳಿತ. ಕಾಸು ತೆಗೆಯಲು ಜೇಬಿಗೆ ಕೈ ಹಾಕುತ್ತಿದ್ದ. ಅಷ್ಟರಲ್ಲಿ ನಾನು ಅವನ ಭುಜ ತಟ್ಟಿದೆ.

ಈಗ ನಿನಗೆ ಹೇಳದೆ ಇದ್ದ ಇನ್ನೊಂದು ವಿಷಯ. ಅವತ್ತು ನಾನು ಆ ನೋಟನ್ನು ನದಿಗೆ ಎಸೆದದ್ದು ನಿಜ. ಹದಿನಾರು ಜನ ನೋಡಿದ್ದೂ ನಿಜ. ಗಾಳಿ ಎದುರಿನಿಂದ ಬೀಸುತ್ತಿತ್ತು. ಸಂಜೆ ದೋಣಿಯ ತಳದ ನೀರು ಮೊಗೆಯುವಾಗ ಅದು ಹಲಗೆಗೆ ಅಂಟಿಕೊಂಡಿತ್ತು. ಮತ್ತೆ ಎಸೆಯಲು ಯಾರೂ ನೋಡುವವರಿರಲಿಲ್ಲ. ಒಣಗಿಸಿ ತಂಬಾಕಿನ ಡಬ್ಬಿಯಲ್ಲಿಟ್ಟೆ. ಎರಡು ವರ್ಷ ತಂಬಾಕು ತೆಗೆಯುವಾಗಲೆಲ್ಲ ನೋಡಿ ಸಿಟ್ಟು ಮಾಡಿಕೊಂಡೆ. ನಿನ್ನ ಆ ಕಾಗದ ಬಂದ ಮೇಲೆ ಸಿಟ್ಟು ಬರಲಿಲ್ಲ, ನೋಡುತ್ತಿದ್ದೆ ಅಷ್ಟೇ.

ಆ ನೋಟು ತೆಗೆದು, "ಮುಂದೆ ಕೊಡಪ್ಪ," ಎಂದೆ.

ಅವನು ಕೈಗೆ ತೆಗೆದುಕೊಂಡು ನೋಡಿದ. ಮೂಲೆಯಲ್ಲಿ ನೀರಿನ ಕಲೆ ಇತ್ತು. ಬೆರಳಿನಿಂದ ಅದನ್ನು ಸವರಿದ. ಆಮೇಲೆ, "ಇರ್ಲಿ ಬಿಡಿ ಮಾವ, ನಾನು ಕೊಡ್ತೀನಿ," ಎಂದ.

"ನೀನು ಬಿಡು ಅಂತೀಯ ಅಂತ ನಾನು ಕೊಡದೇ ಇರೋಕಾಗತ್ತಾ? ಮುಂದೆ ಕೊಡು."

ಕೊಟ್ಟ. ಅದು ಐದಾರು ಕೈ ದಾಟಿ ಹೋಯಿತು. ಡ್ರೈವರ್ ಅಲ್ಲಿಂದಲೇ ಕೂಗಿದ: "ಈ ಅರ್ಧ ಪೌಂಡು ಯಾರದು? ಎಷ್ಟು ಜನದ್ದು?"

"ಇಬ್ಬರದ್ದು," ಎಂದೆ. "ನಂದು, ನನ್ನ ಅಳಿಯಂದು."

ಕಾಲು ಕಾಲು ಸೇರಿ ಅರ್ಧಕ್ಕೆ ಸರಿಹೋಯಿತು. ಚಿಲ್ಲರೆ ಯಾರು ಇಟ್ಟುಕೊಳ್ಳಬೇಕು ಎಂಬ ಮಾತೇ ಬರಲಿಲ್ಲ.

ನಿನ್ನ ಕಾಗದ ಹಿಡಿದು ನಾನೊಬ್ಬನೇ ದಾರಿ ಹುಡುಕಿಕೊಂಡು ಬಂದೆ ಎಂದು ನೀನು ಹೆಮ್ಮೆಪಡಲಿ ಎಂದು ಅವನು ಒಂದು ಸ್ಟಾಪ್ ಮೊದಲೇ ಇಳಿದ. ಕಿತ್ತಳೆ ತಗೊಂಡು ಆಮೇಲೆ ಬಂದ. ಅದು ನಮ್ಮಿಬ್ಬರ ಒಪ್ಪಂದವಾಗಿತ್ತು. ನಾನು ಮುರಿದೆ ಎಂದು ಅವನಿಗೆ ಹೇಳಬೇಡ.

ಬರುವಾಗ ಎಲ್ಲರೂ ಬನ್ನಿ. ಆಚೆ ದಡಕ್ಕೆ ಬಂದು ನಿಂತರೆ ಸಾಕು. ಬೆರಳು ಮಡಚಿದರೆ ನನಗೆ ಕಾಣುವುದಿಲ್ಲ, ನದಿ ಅಗಲ. ಎರಡೂ ಕೈ ಎತ್ತಬೇಕು ಎಂದು ಅವನಿಗೆ ಈಗಲೇ ಕಲಿಸು.

ಸನಿಯ್ಯಾಳ ಅಪ್ಪ
ದಾಹಿ